ಕಡಲ ಬದಿಯ ಮಕ್ಕಳಿಗೆ ಹೊಕುಸಾಯ್‌ನ ದೊಡ್ಡ ಅಲೆ

ಚಿತ್ರಕಾರನ ಜೀವನಚರಿತ್ರೆಯಿಂದ ಶುರುಮಾಡಬೇಡಿ. ಕಾತ್ಸುಶಿಕಾ ಹೊಕುಸಾಯ್ 1760ರಲ್ಲಿ ಹುಟ್ಟಿದ, ಊರು ಎದೊ, ಅದೇ ಇಂದಿನ ಟೋಕಿಯೊ ಎಂದು ಹೇಳಲು ಹೊರಟರೆ ಐದು ವರ್ಷದ ಮಗು ಎರಡನೇ ವಾಕ್ಯಕ್ಕೇ ಕಿಟಕಿಯ ಕಡೆ ತಿರುಗುತ್ತದೆ. ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದ ಕಡೆಯ ಮಕ್ಕಳಿಗಂತೂ ಹಾಗೆ ಮಾಡುವುದು ಕೈಗೆ ಬಂದ ಅವಕಾಶವನ್ನು ಬಿಟ್ಟುಕೊಟ್ಟ ಹಾಗೆ. ಅಲೆ ಅಂದರೆ ಏನು ಎಂದು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಸರಿಯುವ ನೀರು ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುವುದು, ಆಷಾಢದ ರಾತ್ರಿ ಕಡಲು ಮೊರೆಯುವುದು, ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಬೋಟುಗಳೆಲ್ಲ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುವುದು, ಎಲ್ಲ ಅವರು ಕಂಡದ್ದೇ. ‘ಕನಗಾವಾದ ಕಡಲಿನ ದೊಡ್ಡ ಅಲೆ’ ಎಂಬ ಚಿತ್ರವನ್ನು ನೋಡಲು ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕಿಲ್ಲ. ದೊಡ್ಡವರು ಮಾಡಬೇಕಾದದ್ದು ಎರಡೇ: ಮಕ್ಕಳು ಸಾಕಷ್ಟು ಹೊತ್ತು ನೋಡುವ ಹಾಗೆ ಮಾಡುವುದು; ಇದು ಬಿಡಿಸಿದ ಚಿತ್ರವಲ್ಲ, ಮರದ ಅಚ್ಚಿನಿಂದ ಒತ್ತಿದ ಚಿತ್ರ ಎಂಬುದು ಅವರ ಕೈಗೆ ತಿಳಿಯುವ ಹಾಗೆ ಮಾಡುವುದು.

ಮೊದಲು ಒಳ್ಳೆಯ ಪ್ರತಿ ಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮತ್ತು ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ತಮ್ಮಲ್ಲಿರುವ ಪ್ರತಿಗಳ ದೊಡ್ಡ ಫೋಟೊಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಉಚಿತವಾಗಿ ಇಟ್ಟಿವೆ. ಮೂಲಚಿತ್ರ ಸುಮಾರು 26 ಸೆಂ.ಮೀ. ಎತ್ತರ, 38 ಸೆಂ.ಮೀ. ಅಗಲ. ಎ3 ಹಾಳೆಯಲ್ಲಿ ನಾಲ್ಕೂ ಕಡೆ ಎರಡು ಸೆಂ.ಮೀ. ಬಿಳಿ ಅಂಚು ಬಿಟ್ಟು ಪ್ರಿಂಟ್ ತೆಗೆಸಿದರೆ ಹೆಚ್ಚುಕಡಿಮೆ ಮೂಲದ ಗಾತ್ರವೇ ಬರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಮ್ಯಾಟ್ ಕಾಗದ ಕೇಳಿ, ಲ್ಯಾಮಿನೇಷನ್ ಬೇಡ ಎನ್ನಿ. ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದರೆ ಹಿಂದಿನ ಸಾಲಿನಲ್ಲಿ ಕೂತ ಮಗುವಿಗೆ ಚಿತ್ರದ ಬದಲು ಬರೀ ಹೊಳಪು ಕಾಣುತ್ತದೆ. ಕೆಲವು ಪ್ರಿಂಟರ್‌ಗಳು ಬಣ್ಣವನ್ನು ತಾವೇ ‘ಸರಿಪಡಿಸಿ’ ಆಕಾಶದ ಮಾಸಲು ಹಳದಿಯನ್ನು ಬೆಳ್ಳಗೆ ಮಾಡಿಬಿಡುತ್ತವೆ. ಆ ಆಯ್ಕೆಯನ್ನು ಆಫ್ ಮಾಡಿಸಿ. ಟೀಶರ್ಟು, ಮೊಬೈಲ್ ಕವರಿನ ಮೇಲೆ ಬರುವ ಅಲೆ ಹೆಚ್ಚಾಗಿ ಅಂಚು ಕತ್ತರಿಸಿದ್ದು, ಬಣ್ಣ ತಿದ್ದಿದ್ದು. ಎಡ ಮೇಲ್ಮೂಲೆಯಲ್ಲಿ ಬರಹವಿರುವ ಉದ್ದನೆಯ ಚೌಕ, ಅದರ ಪಕ್ಕದಲ್ಲಿ ಸಹಿಯ ಸಾಲು ಇದ್ದರೆ ಪ್ರತಿ ಪೂರ್ತಿ ಇದೆ ಎಂದರ್ಥ. ಮೊಬೈಲಿನಲ್ಲಿ ತೋರಿಸುವುದು ಬೇಡವೇ ಬೇಡ. ಮಗುವಿನ ಬೆರಳು ತಾನಾಗಿ ಚಿತ್ರವನ್ನು ಹಿಗ್ಗಿಸಿ, ಸರಿಸಿ, ಮುಂದಿನದಕ್ಕೆ ಹೋಗುತ್ತದೆ.

ಆರೆಂಟು ಮಕ್ಕಳಿಗಿಂತ ಹೆಚ್ಚು ಒಟ್ಟಿಗೆ ಬೇಡ. ನೆಲದ ಮೇಲೆ ಕೂತ ಮಕ್ಕಳ ಕಣ್ಣಿನ ಮಟ್ಟಕ್ಕೆ, ಅಂದರೆ ಚಿತ್ರದ ಕೆಳ ಅಂಚು ನೆಲದಿಂದ 60 ಸೆಂ.ಮೀ. ಮೇಲಿರುವಂತೆ ಅಂಟಿಸಿ. ಒಂದು ನಿಮಿಷ ಯಾರೂ ಮಾತಾಡುವುದಿಲ್ಲ, ನೀವೂ ಮಾತಾಡಬಾರದು. ಇದೇ ಅತ್ಯಂತ ಕಷ್ಟದ ಭಾಗ, ಮಕ್ಕಳಿಗಲ್ಲ, ದೊಡ್ಡವರಿಗೆ. ಆಮೇಲೆ ‘ಏನೇನು ಉಂಟು?’ ಎಂದು ಕೇಳಿದರೆ ಸಾಕು. ‘ಚಂದ ಉಂಟಲ್ಲ?’ ಎಂದು ಕೇಳಿದರೆ ಮಕ್ಕಳು ಹೌದು ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಎಲ್ಲರೂ ಮೊದಲು ಅಲೆಯನ್ನು ಹೇಳುತ್ತಾರೆ. ಅದರ ನೊರೆ ಉಗುರಿನ ಹಾಗೆ, ಕೈಯ ಹಾಗೆ ಎನ್ನುತ್ತಾರೆ. ದೋಣಿಗಳು ಕಾಣಲು ಸ್ವಲ್ಪ ಹೊತ್ತು ಬೇಕು, ಏಕೆಂದರೆ ಅವುಗಳ ಮೈ ಅಲೆಯ ಇಳಿಜಾರಿಗೆ ಸರಿಯಾಗಿ ಬಾಗಿಕೊಂಡಿದೆ. ಮೂರು ದೋಣಿಗಳಿವೆ, ಒಂದೊಂದಕ್ಕೂ ಹುಟ್ಟು ಹಾಕುವವರು ಎಂಟು ಜನ. ತಲೆ ತಗ್ಗಿಸಿ, ಬೆನ್ನು ಬಾಗಿಸಿ, ಹುಟ್ಟಿಗೆ ಅಂಟಿಕೊಂಡು ಕೂತಿದ್ದಾರೆ. ಕೆಲವರು ಅಲೆಯ ಮರೆಯಲ್ಲಿರುವುದರಿಂದ ಒಬ್ಬೊಬ್ಬ ಮಗುವಿನ ಲೆಕ್ಕ ಒಂದೊಂದು ಬರುತ್ತದೆ. ಸರಿಯುತ್ತರ ಹೇಳಿ ಮುಗಿಸಬೇಡಿ. ಲೆಕ್ಕ ತಪ್ಪಿತೆಂದು ಎದ್ದು ಬಂದು ಬೆರಳಿಟ್ಟು ಮತ್ತೆ ಎಣಿಸುವಾಗಲೇ ಮಗು ಆ ಬಾಗಿದ ಬೆನ್ನುಗಳನ್ನು ನಿಜವಾಗಿ ನೋಡುವುದು. ಕಟ್ಟಕಡೆಗೆ ಕಾಣುವುದು ಫ್ಯುಜಿ ಪರ್ವತ. ಹೆಚ್ಚಿನ ಮಕ್ಕಳು ಅದನ್ನು ಇನ್ನೊಂದು ಅಲೆ ಎಂದೇ ತಿಳಿಯುತ್ತಾರೆ. ಹೊಕುಸಾಯ್ ಬೇಕೆಂದೇ ಹಾಗೆ ಮಾಡಿದ್ದಾನೆ: ಪರ್ವತದ ಬಣ್ಣವೂ ನೀಲಿ, ತುದಿಯಲ್ಲಿ ಹಿಮದ ಬಿಳಿ; ಮುಂದೆ ಏಳುತ್ತಿರುವ ಚಿಕ್ಕ ಅಲೆಗೂ ಅದೇ ತ್ರಿಕೋನದ ಆಕಾರ, ತುದಿಯಲ್ಲಿ ಅದೇ ಬಿಳಿ. ದೊಡ್ಡ ಅಲೆಯಿಂದ ಸಿಡಿದ ಹನಿಗಳು ಪರ್ವತದ ಮೇಲೆ ಹಿಮ ಬೀಳುವಂತೆ ಕಾಣುತ್ತವೆ. ಈ ಚಿತ್ರ ಇರುವ ಸರಣಿಯ ಹೆಸರೇ ‘ಫ್ಯುಜಿ ಪರ್ವತದ ಮೂವತ್ತಾರು ನೋಟಗಳು’. ಜನಕ್ಕೆ ಮೆಚ್ಚುಗೆಯಾದ್ದರಿಂದ ಆಮೇಲೆ ಹತ್ತು ಸೇರಿ ಒಟ್ಟು 46 ಚಿತ್ರಗಳಾದವು. ಅಂದರೆ ಹೊಕುಸಾಯ್‌ನ ಲೆಕ್ಕದಲ್ಲಿ ಇದು ಪರ್ವತದ ಚಿತ್ರ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ, ಅವರೇ ಪರ್ವತವನ್ನು ಕಂಡುಹಿಡಿದ ಮೇಲೆ ಹೇಳಿ.

ಈಗ ನಮ್ಮ ಕರಾವಳಿಯ ಮಕ್ಕಳಿಗೆ ಮಾತ್ರ ಕೇಳಬಹುದಾದ ಪ್ರಶ್ನೆ: ಈ ಚಿತ್ರ ಬಿಡಿಸಿದವರು ಎಲ್ಲಿ ನಿಂತು ನೋಡುತ್ತಿದ್ದಾರೆ? ಪಣಂಬೂರಿನಲ್ಲೋ ಮಲ್ಪೆಯಲ್ಲೋ ಮರಳ ಮೇಲೆ ನಿಂತರೆ ಎದುರಿಗೆ ಕಡಲು, ಅದರಾಚೆ ಬರೀ ಆಕಾಶ. ಗುಡ್ಡ ಬೆಟ್ಟಗಳೆಲ್ಲ ನಮ್ಮ ಬೆನ್ನ ಹಿಂದೆ. ಚಿತ್ರದಲ್ಲಿ ಕಡಲಿನಾಚೆ ಪರ್ವತ ಇದೆ. ಹಾಗಾದರೆ ನೋಡುವವರು ದಡದಲ್ಲಿಲ್ಲ, ನೀರಿನಲ್ಲಿದ್ದಾರೆ, ದೋಣಿಯವರ ಮಟ್ಟದಲ್ಲೇ ಇದ್ದಾರೆ, ನೆಲದ ಕಡೆ ಮುಖ ಮಾಡಿದ್ದಾರೆ. ಮನೆಯಲ್ಲಿ ಯಾರಾದರೂ ಮೀನಿಗೆ ಹೋಗುವವರಿದ್ದರೆ ಆ ಮಗುವಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ದಿನವೂ ಆ ಕಡೆಯಿಂದ ಊರನ್ನು ನೋಡುವವರು ಅವರ ಮನೆಯಲ್ಲೇ ಇದ್ದಾರಲ್ಲ. ಬೇರೆ ಮಕ್ಕಳಿಗೆ ಮಳೆಗಾಲ ಮುಗಿದ ಮೇಲೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟು ಸಾಕು. ಮಳೆ ತೊಳೆದ ಗಾಳಿ ಇನ್ನೂ ತಿಳಿಯಾಗಿರುವ ದಿನ ನೋಡಿ ಹೋಗಿ, ಹೋಗುವಾಗ ಪೂರ್ವಕ್ಕೆ ತಿರುಗಿ ಕೂರಲು ಹೇಳಿ. ದಡದ ತೆಂಗಿನ ಸಾಲು ಕುಗ್ಗುತ್ತಾ ಹೋದಂತೆ ಅದರ ಹಿಂದೆ ಘಟ್ಟದ ಸಾಲು ಎದ್ದು ಬರುತ್ತದೆ. ಕುದುರೆಮುಖದ ಎತ್ತರ ಸುಮಾರು 1890 ಮೀಟರ್, ಫ್ಯುಜಿ 3776 ಮೀಟರ್, ಹತ್ತಿರಹತ್ತಿರ ಎರಡು ಪಟ್ಟು. ಅಷ್ಟು ದೊಡ್ಡದು ಚಿತ್ರದಲ್ಲಿ ಹೆಬ್ಬೆರಳಿನ ಕೆಳಗೆ ಅಡಗುವಷ್ಟು ಚಿಕ್ಕದಾಗಿದೆ. ಪಣಂಬೂರಿನ ಎದುರು ಬಂದರಿಗೆ ಬರಲು ಕಾದು ನಿಂತ ಹಡಗನ್ನು ಒಂದು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಮರೆಮಾಡಿಸಿ. ದೂರದ್ದು ಚಿಕ್ಕದಾಗುತ್ತದೆ, ಹತ್ತಿರದ ಅಲೆ ಪರ್ವತವನ್ನೂ ಮೀರಬಹುದು ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಡಚ್ಚರ ಮೂಲಕ ಜಪಾನಿಗೆ ಬಂದ ಯುರೋಪಿನ ಚಿತ್ರಗಳನ್ನು ನೋಡಿ ಹೊಕುಸಾಯ್ ಕಲಿತ ಸಂಗತಿ ಇದು.

ದೋಣಿಗಳ ಬಗ್ಗೆ ಒಂದಿಷ್ಟು ಹೇಳಲೇಬೇಕು. ಇವು ಎದೊ ಪಟ್ಟಣದ ಮಾರುಕಟ್ಟೆಗೆ ತಾಜಾ ಮೀನು ಮುಟ್ಟಿಸುವ ವೇಗದ ದೋಣಿಗಳು. ಎಂಜಿನ್ ಇಲ್ಲ, ಇಂದಿನ ಬೋಟುಗಳಲ್ಲಿರುವಂತೆ ಮಂಜುಗಡ್ಡೆಯ ಪೆಟ್ಟಿಗೆಯೂ ಇಲ್ಲ. ಮೀನು ಕೆಡುವುದರೊಳಗೆ ಮುಟ್ಟಬೇಕಾದರೆ ಎಂಟು ಜನ ಹುಟ್ಟು ಹಾಕಬೇಕು, ದೋಣಿ ಕಿರಿದಾಗಿ ಉದ್ದವಾಗಿರಬೇಕು. ದಕ್ಕೆಯಲ್ಲಿ ಐಸ್ ತುಂಬುವುದನ್ನು ಕಂಡ ಮಕ್ಕಳಿಗೆ ‘ಐಸ್ ಇಲ್ಲದಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿ, ಉಳಿದದ್ದನ್ನು ಅವರೇ ಹೇಳುತ್ತಾರೆ.

‘ಅವರು ಸಾಯುತ್ತಾರಾ?’ ಈ ಪ್ರಶ್ನೆ ಬಂದೇ ಬರುತ್ತದೆ. ಇಲ್ಲಿ ಸುಳ್ಳು ಹೇಳಬಾರದು, ಹೆದರಿಸಲೂಬಾರದು. ಚಿತ್ರದಲ್ಲಿ ಯಾರೂ ನೀರಿಗೆ ಬಿದ್ದಿಲ್ಲ, ಯಾವ ದೋಣಿಯೂ ಮಗುಚಿಲ್ಲ. ಆಮೇಲೆ ಏನಾಯಿತು ಎಂದು ಚಿತ್ರ ಹೇಳುವುದಿಲ್ಲ. ಅಲೆಗೆ ಅಡ್ಡ ಸಿಗದೆ ಅದನ್ನು ಸೀಳಿಕೊಂಡು ಹೋಗಲು ಅವರು ದೋಣಿಯ ಮುಂಭಾಗವನ್ನು ಅಲೆಯ ಕಡೆಗೇ ಇಟ್ಟಿದ್ದಾರೆ. ಇಷ್ಟು ನಿಜ, ಇಷ್ಟೇ ಸಾಕು. ಕಡಲಿನಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಯ ಮಗು ಗುಂಪಿನಲ್ಲಿದ್ದರೆ ಮೊದಲೇ ತಿಳಿದುಕೊಳ್ಳಿ. ಆ ಮಗು ಎದ್ದು ಹೋಗಬೇಕೆಂದರೆ ಹೋಗಲಿ. ಇದು ಸುನಾಮಿ ಎಂದು ಕೆಲವು ಪುಸ್ತಕಗಳಲ್ಲೂ ಬರೆದಿರುತ್ತಾರೆ, ಅದು ಸರಿಯಲ್ಲ. ಸುನಾಮಿ ನಡುಗಡಲಿನಲ್ಲಿ ದೋಣಿಯವರಿಗೆ ಗೊತ್ತೇ ಆಗದಷ್ಟು ತಗ್ಗಾಗಿ ಹಾದುಹೋಗುತ್ತದೆ, ಎತ್ತರವಾಗುವುದು ದಡದ ಹತ್ತಿರ. ಇಲ್ಲಿರುವುದು ಗಾಳಿ ಎಬ್ಬಿಸಿದ ಅಲೆ.

ಇನ್ನು ಬಣ್ಣ. ‘ನಮ್ಮ ಕಡಲು ಹೀಗೆ ನೀಲಿ ಇಲ್ಲ’ ಎಂದು ಯಾರಾದರೂ ಹೇಳಿದರೆ ಆ ಮಗು ಸರಿಯಾಗಿ ನೋಡಿದೆ. ಜುಲೈಯಲ್ಲಿ ಬೆಂಗ್ರೆಯ ಅಳಿವೆಯ ಹತ್ತಿರ ನೇತ್ರಾವತಿ, ಗುರುಪುರ ನದಿಗಳ ಕೆಮ್ಮಣ್ಣಿನ ನೀರು ಸೇರಿ ಕಡಲು ಬಹಳ ದೂರದವರೆಗೆ ಕಂದು. ಹೊಕುಸಾಯ್ ಬಳಸಿದ್ದು ಪ್ರಷ್ಯನ್ ಬ್ಲೂ ಎಂಬ ಕೃತಕ ಬಣ್ಣ. 1700ರ ದಶಕದ ಮೊದಲ ವರ್ಷಗಳಲ್ಲಿ ಬರ್ಲಿನ್‌ನಲ್ಲಿ ಕೆಂಪು ಬಣ್ಣ ಮಾಡಲು ಹೊರಟವರಿಗೆ ಅಕಸ್ಮಾತ್ತಾಗಿ ಸಿಕ್ಕ ನೀಲಿ ಇದು. ಈ ಕಥೆ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. 1830ರ ಹೊತ್ತಿಗೆ ಜಪಾನಿನಲ್ಲಿ ಅಗ್ಗವಾಗಿ ಸಿಗತೊಡಗಿತು, ಈ ಅಲೆ ಅಚ್ಚಾದದ್ದೂ ಆಗಲೇ, 1831ರ ಸುಮಾರಿಗೆ. ಚಿತ್ರದಲ್ಲಿ ಗೆರೆಗಳು ಸಹ ಕಪ್ಪಲ್ಲ, ಕಡುನೀಲಿ. ಆಕಾಶ ನೀಲಿಯೇ ಅಲ್ಲ. ‘ಆಕಾಶಕ್ಕೆ ಯಾವ ಬಣ್ಣ ಹಾಕಿದ್ದಾರೆ?’ ಎಂದು ಚಿತ್ರವನ್ನು ಮುಚ್ಚಿ ಕೇಳಿ ನೋಡಿ. ಬಹುಪಾಲು ಮಕ್ಕಳು, ದೊಡ್ಡವರೂ, ನೀಲಿ ಎನ್ನುತ್ತಾರೆ. ತೆರೆದು ತೋರಿಸಿದಾಗ ಆಗುವ ಅಚ್ಚರಿ ನೋಡುವುದನ್ನು ಕಲಿಸುತ್ತದೆ.

ಕನ್ನಡಿಯ ಒಂದು ಪ್ರಯೋಗ ಏಳೆಂಟು ವರ್ಷದವರಿಗೆ ಹೇಳಿ ಮಾಡಿಸಿದ್ದು. ಚಿತ್ರವನ್ನು ಕನ್ನಡಿಗೆ ಹಿಡಿದು ತೋರಿಸಿ, ಯಾವುದರಲ್ಲಿ ಅಲೆ ಹೆಚ್ಚು ಭಯ ಹುಟ್ಟಿಸುತ್ತದೆ ಎಂದು ಕೇಳಿ. ನಾವು ಎಡದಿಂದ ಬಲಕ್ಕೆ ಓದುವವರು, ಅಲೆಯೊಂದಿಗೇ ಚಿತ್ರದೊಳಗೆ ಹೋಗುತ್ತೇವೆ. ಜಪಾನಿನವರು ಆಗ ಬಲದಿಂದ ಎಡಕ್ಕೆ ಓದುತ್ತಿದ್ದರು. ದೋಣಿಗಳ ಜೊತೆ ಬಂದು ಅಲೆಗೆ ಎದುರಾಗುತ್ತಿದ್ದರು. ಕನ್ನಡಿಯಲ್ಲಿ ಕಾಣುವುದು ಅವರ ಅನುಭವಕ್ಕೆ ಹತ್ತಿರದ್ದು.

ಇಷ್ಟಾದ ಮೇಲೆ ಮಕ್ಕಳೇ ‘ಯಾರು ಮಾಡಿದ್ದು?’ ಎಂದು ಕೇಳುತ್ತಾರೆ. ಈಗ ಹೇಳಿ: ಎಪ್ಪತ್ತು ವರ್ಷದ ಒಬ್ಬ ಅಜ್ಜ. ಮಗುವಿಗೆ ಆಗ ತನ್ನ ಅಜ್ಜನ ಮುಖ ನೆನಪಾಗುತ್ತದೆ, 1760 ಎಂದರೆ ಏನೂ ನೆನಪಾಗುವುದಿಲ್ಲ. ಈ ಅಜ್ಜ ಮೂವತ್ತಕ್ಕೂ ಹೆಚ್ಚು ಸಲ ಹೆಸರು ಬದಲಿಸಿದ. 93 ಸಲ ಮನೆ ಬದಲಿಸಿದನಂತೆ. ಒಮ್ಮೆ ನಗೋಯಾದಲ್ಲಿ ಅಂಗಳದಷ್ಟು ದೊಡ್ಡ ಕಾಗದದ ಮೇಲೆ ಜನರ ಮುಂದೆ ಚಿತ್ರ ಬಿಡಿಸಿದ, ಇನ್ನೊಮ್ಮೆ ಅಕ್ಕಿಕಾಳಿನ ಮೇಲೆ ಗುಬ್ಬಚ್ಚಿ ಬಿಡಿಸಿದ ಎಂದೂ ಹೇಳುತ್ತಾರೆ. ಮಗಳು ಓಯಿ ಕೂಡ ಒಳ್ಳೆಯ ಚಿತ್ರಕಾರ್ತಿ. ಇದಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ತೋರಿಸಿಯೇ ಹೇಳಬೇಕು. 1800ರ ನಂತರದ ಮೊದಲ ಐದಾರು ವರ್ಷಗಳಲ್ಲಿ, ನಲವತ್ತೈದರ ಆಸುಪಾಸಿನಲ್ಲಿ, ಹೊಕುಸಾಯ್ ಇಂಥದ್ದೇ ಎರಡು ಚಿತ್ರ ಮಾಡಿದ್ದ: ದೊಡ್ಡ ಅಲೆ, ಅದರ ಕೆಳಗೆ ದೋಣಿ. ಅವುಗಳನ್ನೂ ಪ್ರಿಂಟ್ ತೆಗೆಸಿ ಪಕ್ಕಪಕ್ಕ ಇಡಿ. ಹಳೆಯ ಅಲೆಗಳು ದಪ್ಪಗೆ, ನುಣ್ಣಗೆ, ಗಟ್ಟಿ ವಸ್ತುವಿನ ಹಾಗೆ ನಿಂತಿವೆ, ನೊರೆಗೆ ಬೆರಳುಗಳಿಲ್ಲ. ಅದೇ ಅಲೆಗೆ ಅದೇ ಮನುಷ್ಯ ಇಪ್ಪತ್ತೈದು ವರ್ಷ ಬಿಟ್ಟು ಮರಳಿ ಬಂದಿದ್ದಾನೆ. ಮೂರರಲ್ಲಿ ಯಾವುದು ಮೊದಲಿನದು ಎಂದು ಮಕ್ಕಳೇ ಜೋಡಿಸಲಿ. ಆರನೇ ವಯಸ್ಸಿನಿಂದ ಚಿತ್ರ ಬಿಡಿಸುತ್ತಿದ್ದೇನೆ, ಎಪ್ಪತ್ತಕ್ಕೆ ಮುಂಚೆ ಮಾಡಿದ್ದರಲ್ಲಿ ಲೆಕ್ಕಕ್ಕೆ ಬರುವಂಥದ್ದು ಏನೂ ಇಲ್ಲ, ನೂರಹತ್ತಾದಾಗ ನನ್ನ ಪ್ರತಿ ಚುಕ್ಕೆ, ಪ್ರತಿ ಗೆರೆಗೂ ಜೀವ ಬರುತ್ತದೆ ಎಂಬರ್ಥದ ಮಾತನ್ನು ಅವನು 1834ರಲ್ಲಿ ಬರೆದ. 1849ರಲ್ಲಿ ತೀರಿಕೊಳ್ಳುವವರೆಗೂ ಬಿಡಿಸುತ್ತಲೇ ಇದ್ದ. ಒಂದನೇ ಕ್ಲಾಸಿನ ಮಗುವಿಗೆ ಆ ‘ಆರನೇ ವಯಸ್ಸು’ ನೇರವಾಗಿ ತಟ್ಟುತ್ತದೆ.

ಕೈಕೆಲಸಕ್ಕೆ ಬಂದಾಗ ಶಾಲೆಗಳಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ಚಿತ್ರವನ್ನು ಬೋರ್ಡಿಗೆ ಹಾಕಿ ‘ಇದನ್ನು ನೋಡಿ ಬಿಡಿಸಿ’ ಎನ್ನುತ್ತಾರೆ. ಆ ನೊರೆಯ ಬೆರಳುಗಳನ್ನು ಪೆನ್ಸಿಲಿನಲ್ಲಿ ನಕಲು ಮಾಡುವುದು ದೊಡ್ಡವರಿಗೂ ಕಷ್ಟ. ಎರಡು ಸಲ ರಬ್ಬರಿನಿಂದ ಅಳಿಸಿದ ಮೇಲೆ ಮಗು ‘ನನಗೆ ಚಿತ್ರ ಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತದೆ. ಅದೂ ಅಲ್ಲದೆ ಹೊಕುಸಾಯ್ ಈ ಅಲೆಯನ್ನು ಒಬ್ಬನೇ ಮಾಡಿಲ್ಲ. ಅವನು ಬಿಡಿಸಿಕೊಟ್ಟದ್ದನ್ನು ಒಬ್ಬ ಚೆರಿ ಮರದ ಹಲಗೆಯಲ್ಲಿ ಕೆತ್ತಿದ, ಇನ್ನೊಬ್ಬ ಬಣ್ಣ ಹಚ್ಚಿ ಕಾಗದದ ಮೇಲೆ ಒತ್ತಿದ, ಪ್ರಕಾಶಕ ಹಣ ಹಾಕಿ ಮಾರಿಸಿದ. ಸಾವಿರಾರು ಪ್ರತಿಗಳು ಅಚ್ಚಾದವು. ಹುಡುಗನಾಗಿದ್ದಾಗ ಹೊಕುಸಾಯ್ ತಾನೇ ಅಚ್ಚು ಕೆತ್ತುವ ಕೆಲಸ ಕಲಿತಿದ್ದ, ಹಾಗಾಗಿ ಯಾವ ಗೆರೆ ಮರದಲ್ಲಿ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಮಕ್ಕಳೂ ಅಚ್ಚನ್ನೇ ಒತ್ತಲಿ.

ಆರು ವರ್ಷ ದಾಟಿದವರಿಗೆ ನಾಲ್ಕು ಜನರ ಗುಂಪು: ಒಬ್ಬರು ಬಿಡಿಸುವವರು, ಒಬ್ಬರು ಅಚ್ಚಿನ ಮೇಲೆ ಗೆರೆ ಒತ್ತುವವರು, ಒಬ್ಬರು ಬಣ್ಣ ಹಚ್ಚುವವರು, ಒಬ್ಬರು ಕಾಗದ ಇಟ್ಟು ಉಜ್ಜುವವರು. ಆಮೇಲೆ ಕೆಲಸ ಬದಲಾಯಿಸಿಕೊಳ್ಳಲಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ 2–3 ಮಿ.ಮೀ. ದಪ್ಪದ ಫೋಮ್ ಶೀಟನ್ನು 15 × 10 ಸೆಂ.ಮೀ. ತುಂಡು ಮಾಡಿ, ಅಷ್ಟೇ ಗಾತ್ರದ ದಪ್ಪ ರಟ್ಟಿಗೆ ಅಂಟಿಸಿ. ರಟ್ಟಿನ ಹಿಂಬದಿಗೂ ಅಂಚಿಗೂ ಹಿಂದಿನ ದಿನವೇ ಫೆವಿಕಾಲ್ ಬಳಿದು ಒಣಗಿಸಿಡಿ, ಇಲ್ಲದಿದ್ದರೆ ಐದಾರು ಪ್ರತಿ ತೆಗೆಯುವಷ್ಟರಲ್ಲಿ ರಟ್ಟು ನೀರು ಕುಡಿದು ಉಬ್ಬುತ್ತದೆ. ಬಣ್ಣಕ್ಕೆ ಒಂದು ದೊಡ್ಡ ಚಮಚ ಅಕ್ಕಿಹಿಟ್ಟನ್ನು 150 ಮಿ.ಲೀ. ನೀರಿನಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸುತ್ತಾ ಕುದಿಸಿ ಆರಿಸಿ. ಎರಡು ಚಿಕ್ಕ ಚಮಚ ಪ್ರಷ್ಯನ್ ಬ್ಲೂ ಪೋಸ್ಟರ್ ಕಲರಿಗೆ ಈ ಅಂಟು ಒಂದು ಚಮಚ. ನೀರು ಸೇರಿಸಬೇಡಿ, ನೀರುದೋಸೆ ಹಿಟ್ಟಿಗಿಂತ ತುಸು ದಪ್ಪ ಇರಬೇಕು. ಜಪಾನಿನ ಅಚ್ಚುಗಾರರೂ ಬಣ್ಣಕ್ಕೆ ಅಕ್ಕಿಯ ಅಂಟನ್ನೇ ಸೇರಿಸುತ್ತಿದ್ದರು; ಅಚ್ಚಿನ ಮೇಲೆ ಬಣ್ಣ ಸಮವಾಗಿ ಹರಡಲು ಅದು ಬೇಕು. ನಮ್ಮ ಸೆಕೆಯಲ್ಲಿ ಈ ಅಂಟು ಮರುದಿನಕ್ಕೆ ಹುಳಿಯುತ್ತದೆ, ಅಂದಂದಿಗೆ ಮಾಡಿಕೊಳ್ಳಿ.

ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಫೋಮಿನ ಮೇಲೆ ಅಲೆಯ ಗೆರೆಗಳನ್ನು ಒತ್ತಬೇಕು. ಒತ್ತಿದ ಜಾಗಕ್ಕೆ ಬಣ್ಣ ತಾಗುವುದಿಲ್ಲ, ಅದು ಕಾಗದದ ಬಿಳಿಯಾಗಿ ಉಳಿಯುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲಿ ನೊರೆಯನ್ನು ಮಾತ್ರ ಒತ್ತಿಸಿ. ಫೋಮ್ ಮೆಲ್ಲನೆ ಮತ್ತೆ ಮೇಲೇಳುವ ವಸ್ತು, ಪ್ರತಿ ಗೆರೆಯ ಮೇಲೂ ಎರಡು ಸಲ ಹೋಗಬೇಕು. ಬಣ್ಣಕ್ಕೆ ಅರ್ಧ ಬಿಳಿ ಬೆರೆಸಿ ತೆಳುನೀಲಿ ಮಾಡಿ, ಒಂದಿಂಚಿನ ಸ್ಪಂಜಿನ ತುಂಡಿನಿಂದ ತಟ್ಟಿ ತಟ್ಟಿ ಹಚ್ಚಿಸಿ. ಸ್ಪಂಜನ್ನು ಎಳೆದರೆ, ಅಥವಾ ಬಣ್ಣ ಜಾಸ್ತಿಯಾದರೆ, ಗೆರೆಗಳೆಲ್ಲ ತುಂಬಿಹೋಗಿ ಬರೀ ನೀಲಿ ಚೌಕ ಬರುತ್ತದೆ. ಮಕ್ಕಳ ಕೈಯಲ್ಲಿ ಕೆಡುವುದು ಹೆಚ್ಚಾಗಿ ಇಲ್ಲೇ. ಆಗ ಅಚ್ಚನ್ನು ತೊಳೆದು ಒರೆಸಿ ಮತ್ತೆ ಶುರುಮಾಡಿ, ಗೆರೆಗಳು ಅಲ್ಲೇ ಇರುತ್ತವೆ. ಮೇಜಿನ ಮೇಲೆ ರಟ್ಟಿನ ಎರಡು ಪಟ್ಟಿಗಳನ್ನು ಮೂಲೆಗಟ್ಟಿನ ಆಕಾರದಲ್ಲಿ ಅಂಟಿಸಿ, ಅಚ್ಚು ಇಡುವ ಜಾಗವನ್ನೂ ಗುರುತು ಮಾಡಿ. ಕಾಗದದ ಮೂಲೆಯನ್ನು ಯಾವಾಗಲೂ ಆ ಮೂಲೆಗೆ ತಾಗಿಸಿಯೇ ಇಳಿಸಬೇಕು. ಎರಡನೇ ಬಣ್ಣ ಮೊದಲಿನದರ ಮೇಲೆ ಸರಿಯಾಗಿ ಕೂರುವುದು ಇದರಿಂದಲೇ. ಜಪಾನಿನ ಹಲಗೆಗಳಲ್ಲೂ ಇಂಥ ಮೂಲೆಯ ಗುರುತು ಕೆತ್ತಿರುತ್ತಾರೆ. ಸಾಧಾರಣ ಎ4 ಕಾಗದ ಡ್ರಾಯಿಂಗ್ ಶೀಟಿಗಿಂತ ಒಳ್ಳೆಯದು, ಬಣ್ಣವನ್ನು ಬೇಗ ಹಿಡಿಯುತ್ತದೆ. ಬಟ್ಟೆಯ ಉಂಡೆಯಿಂದಲೋ ನುಣುಪಾದ ಲೋಟದ ತಳದಿಂದಲೋ ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಉಜ್ಜಿ, ಒಂದು ಮೂಲೆ ಹಿಡಿದು ಮೆಲ್ಲನೆ ಎತ್ತಲಿ.

ಒಣಗಿದ ಮೇಲೆ ಅದೇ ಅಚ್ಚಿನಲ್ಲಿ ಅಲೆಯ ಮೈಯ ಬಾಗಿದ ಪಟ್ಟೆಗಳನ್ನು ಒತ್ತಿಸಿ, ಆಕಾಶದ ಭಾಗವನ್ನು ಕತ್ತರಿಯಿಂದ ಕತ್ತರಿಸಿ ತೆಗೆದು, ಕಡುನೀಲಿ ಹಚ್ಚಿ ಅದೇ ಕಾಗದದ ಮೇಲೆ ಒತ್ತಿ. ಈಗ ಬಿಳಿ, ತೆಳುನೀಲಿ, ಕಡುನೀಲಿ ಮೂರೂ ಇವೆ. ಹೊಕುಸಾಯ್‌ನ ಅಚ್ಚುಗಾರರು ಪ್ರತಿ ಬಣ್ಣಕ್ಕೂ ಬೇರೆ ಹಲಗೆ ಬಳಸಿದರು. ಮಕ್ಕಳಿಗೆ ಒಂದೇ ಅಚ್ಚು ಸಾಕು, ಆದರೆ ಕತ್ತರಿಸಿದ ಮೇಲೆ ಹಿಂದಕ್ಕೆ ಹೋಗಲಾಗದು, ಹಾಗಾಗಿ ತೆಳುನೀಲಿಯಲ್ಲೇ ಎಂಟು ಹತ್ತು ಪ್ರತಿ ತೆಗೆದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಬೇಗ ಒಣಗುವ ಬಣ್ಣ ಮಳೆಗಾಲದಲ್ಲಿ ಬಹಳ ಹೊತ್ತು ಅಂಟಂಟಾಗಿಯೇ ಇರುತ್ತದೆ. ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿ, ಎರಡನೇ ಬಣ್ಣವನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಒಂದರ ಮೇಲೊಂದು ಪೇರಿಸಿಟ್ಟರೆ ಬಿಡಿಸಲಾಗದ ಹಾಗೆ ಅಂಟಿಕೊಳ್ಳುತ್ತವೆ. ಮೊದಲ ಪ್ರತಿ ಎತ್ತಿದಾಗ ಅಲೆ ತಿರುಗಿ ಇನ್ನೊಂದು ಕಡೆಯಿಂದ ಬಂದಿರುತ್ತದೆ, ಹೆಸರು ಬರೆದಿದ್ದರೆ ಅದೂ ತಿರುವುಮುರುವು. ಇದನ್ನು ಮುಂಚೆ ಹೇಳದಿದ್ದರೇ ಒಳ್ಳೆಯದು. ಕನ್ನಡಿ ಹಿಡಿದು ನೋಡಿದ್ದ ಮಕ್ಕಳಿಗೆ ಕಾರಣ ಹೇಳಬೇಕಾಗಿಯೂ ಬರುವುದಿಲ್ಲ.

ನಾಲ್ಕೈದು ವರ್ಷದವರಿಗೆ ಇಷ್ಟೆಲ್ಲ ಬೇಡ. ಅಡ್ಡ ಕೊಯ್ದ ಬಾಳೆದಿಂಡು, ಅರ್ಧ ಕತ್ತರಿಸಿದ ಬೆಂಡೆಕಾಯಿ, ಒಂದು ತಟ್ಟೆ ನೀಲಿ. ಬಾಳೆದಿಂಡಿನ ಕಣ್ಣುಕಣ್ಣಾದ ಅಚ್ಚು ನೊರೆಗೆ ಚೆನ್ನಾಗಿ ಹೊಂದುತ್ತದೆ. ದಿಂಡನ್ನು ಕೊಯ್ದು ಬಟ್ಟೆಯ ಮೇಲೆ ಮಗುಚಿಟ್ಟು ನೀರು ಬಸಿಯಲು ಬಿಡಿ, ಇಲ್ಲದಿದ್ದರೆ ಬಣ್ಣ ಹರಿದುಹೋಗುತ್ತದೆ. ಬಾಳೆಯ ಕರೆ ಬಟ್ಟೆಯಿಂದ ಹೋಗುವುದಿಲ್ಲ, ಹಳೆಯ ಅಂಗಿ ಹಾಕಿಸಿ.

ಮಂಗಳೂರಿನಲ್ಲಿರುವವರು ಮುಂದಿನ ವಾರ ಮಕ್ಕಳನ್ನು ಸಂತ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋಗಬಹುದು. ಸುಮಾರು 1900ರ ಹೊತ್ತಿಗೆ ಇಟಲಿಯ ಅಂತೋನಿಯೊ ಮೊಸ್ಕೇನಿ ಅಲ್ಲಿನ ಗೋಡೆ, ಚಾವಣಿಗಳ ಮೇಲೆಲ್ಲ ಚಿತ್ರ ಬರೆದ. ಅದು ಅಲ್ಲಿ ಮಾತ್ರ ಇರುವ ಚಿತ್ರ, ನೋಡಬೇಕಾದರೆ ನಾವೇ ಹೋಗಬೇಕು. ಹೊಕುಸಾಯ್‌ನ ಅಲೆಯಾದರೋ ಅಗ್ಗದ ಬೆಲೆಗೆ ಎದೊದ ಸಾಮಾನ್ಯ ಜನರ ಕೈಸೇರಿತು. ಇಂದು ಲಂಡನ್ನಿನಲ್ಲೂ ಇದೆ, ನ್ಯೂಯಾರ್ಕಿನಲ್ಲೂ ಇದೆ, 2024ರಿಂದ ಜಪಾನಿನ 1000 ಯೆನ್ ನೋಟಿನ ಹಿಂಬದಿಯಲ್ಲೂ ಇದೆ. ‘ಇವುಗಳಲ್ಲಿ ನಿಜವಾದದ್ದು ಯಾವುದು?’ ಎಂದು ಅಚ್ಚು ಒತ್ತಿದ ಮಕ್ಕಳನ್ನು ಕೇಳಿ. ತಾವು ತೆಗೆದ ಹತ್ತು ಪ್ರತಿಗಳನ್ನು ನೆನೆದು ಉತ್ತರ ಕೊಡುತ್ತಾರೆ.

ಅದಾದ ಮೇಲೆ ಇದೇ ಸರಣಿಯ ಇನ್ನೊಂದು ಚಿತ್ರ ತೋರಿಸಬೇಕೆನಿಸಿದರೆ ಏಜಿರಿಯ ಗಾಳಿಯ ಚಿತ್ರವನ್ನು ಆರಿಸಿಕೊಳ್ಳಿ. ದಾರಿಹೋಕರ ಟೋಪಿ, ಕಾಗದ, ಎಲೆಗಳೆಲ್ಲ ಹಾರಿಹೋಗುತ್ತಿವೆ, ಹಿಂದೆ ಫ್ಯುಜಿ ಬರೀ ಒಂದು ಗೆರೆ. ಅಲೆಯ ಜೊತೆ ಅದೇ ದಿನ ತೋರಿಸಬೇಡಿ, ಒಂದು ವಾರ ಬಿಡಿ. ಏನೂ ಹೇಳದೆ, ‘ಫ್ಯುಜಿ ಎಲ್ಲಿ ಉಂಟು?’ ಎಂದು ಮಾತ್ರ ಕೇಳಿ.